ಹಾಲ್ ಟಿಕೆಟ್ಟಿನಲ್ಲಿ ಬಂದ ಮರಾಠಿ

1988ರ ಜೂನ್ ತಿಂಗಳಲ್ಲಿ ಗಣಿತ ಮತ್ತು ವಿಜ್ಞಾನದ ಸಹಶಿಕ್ಷಕಿಯಾಗಿ ನನಗೆ ಮೊದಲ ನೇಮಕವಾಯಿತು. ಮಹಾರಾಷ್ಟ್ರದ ಗಡಿಯ ಕಡೆ, ಶೇಡಬಾಳದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲು. ಈಗ ಆ ಹಳ್ಳಿ ಸೇರಿರುವ ಕಾಗವಾಡ ಆಗಿನ್ನೂ ತಾಲೂಕಾಗಿರಲಿಲ್ಲ, ನಮ್ಮ ಕಚೇರಿ ಕೆಲಸವೆಲ್ಲ ಅಥಣಿಯಲ್ಲಿ ನಡೆಯುತ್ತಿತ್ತು. ನಾನು ಧಾರವಾಡದಲ್ಲಿ ಹುಟ್ಟಿ ಬೆಳೆದವಳು. ಕನ್ನಡ ನಾಡಿನಲ್ಲೇ ಇದ್ದೇನೆ, ಭಾಷೆಯ ತೊಂದರೆ ಏನು ಬಂದೀತು ಎಂದುಕೊಂಡು ಹೋಗಿದ್ದೆ. ಮೊದಲ ದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಮಾತನ್ನು ಕನ್ನಡದಲ್ಲಿ ಆರಂಭಿಸಿ ಮರಾಠಿಯಲ್ಲಿ ಮುಗಿಸಿದಳು. ಅರ್ಧ ತಿಳಿಯಿತು, ಉಳಿದರ್ಧಕ್ಕೆ ಸುಮ್ಮನೆ ತಲೆಯಾಡಿಸಿದೆ.

ಆ ವರ್ಷ ಎಂಟನೆಯ ತರಗತಿಗೆ ರಾಜಮತಿ ಎಂಬ ಹುಡುಗಿ ಸೇರಿದಳು. ನದಿ ದಂಡೆಯ ಜುಗೂಳದವಳು, ದಿನಾ ಬಸ್ಸಿಗೆ ಬರುತ್ತಿದ್ದಳು. ಸಣ್ಣವಳಿದ್ದಾಗಲೇ ಅವಳನ್ನು ನದಿಯಾಚೆ ಮಹಾರಾಷ್ಟ್ರದಲ್ಲಿದ್ದ ತಾಯಿಯ ತವರಿನಲ್ಲಿ ಬಿಟ್ಟಿದ್ದರು. ಏಳನೆಯವರೆಗೆ ಅಲ್ಲಿಯ ಮರಾಠಿ ಶಾಲೆಯಲ್ಲಿ ಓದಿದ್ದಳು. ಅಜ್ಜ ತೀರಿಕೊಂಡ ಮೇಲೆ ತಂದೆ ಭೂಪಾಲಣ್ಣ ಮಗಳನ್ನು ಊರಿಗೆ ಕರೆತಂದು ನಮ್ಮ ಶಾಲೆಗೆ ಹಾಕಿದ್ದರು. ಇದನ್ನೆಲ್ಲ ನಾನು ಆಮೇಲೆ ತಿಳಿದುಕೊಂಡೆ. ಮೊದಲಿಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಜುಲೈ ತಿಂಗಳ ಕಿರುಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ ಐವತ್ತಕ್ಕೆ ಹನ್ನೊಂದು ಬಂದಿತ್ತು.

ಉತ್ತರಪತ್ರಿಕೆಯಲ್ಲಿ ಬಹುತೇಕ ಪ್ರಶ್ನೆಗಳು ಖಾಲಿ. 36 ಮತ್ತು 48ರ ಮಹತ್ತಮ ಸಾಮಾನ್ಯ ಅಪವರ್ತನ ಕಂಡುಹಿಡಿಯಿರಿ ಎಂದಿದ್ದ ಕಡೆ ಮಾತ್ರ ಅವಳು ಸೊಟ್ಟ ಕನ್ನಡ ಅಕ್ಷರಗಳಲ್ಲಿ ‘36 ಅವಯವ, 48 ಅವಯವ’ ಎಂದು ಬರೆದು, ಕೆಳಗೆ ಒಂದಷ್ಟು ಅಂಕಿ ಹಾಕಿ, ಕೊನೆಗೆ 12 ಎಂದು ಉತ್ತರಿಸಿದ್ದಳು. ಉತ್ತರ ಸರಿಯಿತ್ತು. ಆದರೆ ಗಣಿತದಲ್ಲಿ ಕೈಕಾಲು ಎಲ್ಲಿಂದ ಬಂದವು ಎಂದು ನನಗೆ ಸಿಟ್ಟು ಬಂತು. ಕೆಂಪು ಶಾಯಿಯಲ್ಲಿ ‘ಇದು ಜೀವಶಾಸ್ತ್ರವಲ್ಲ’ ಎಂದು ಬರೆದು ಅರ್ಧ ಅಂಕ ಕೊಟ್ಟೆ. ಪತ್ರಿಕೆ ಹಂಚುವಾಗ ಅದನ್ನು ಓದಿಯೂ ಹೇಳಿದೆ. ತರಗತಿ ನಕ್ಕಿತು.

ಮರುದಿನ ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರ ಮಗದುಮ್ ಸರ್ ಆ ಪತ್ರಿಕೆ ನೋಡಿದರು. ಗಂಭೀರ ಮನುಷ್ಯ, ಬೇರೆಯವರ ಮುಂದೆ ಯಾರನ್ನೂ ತಿದ್ದುತ್ತಿರಲಿಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ನನ್ನನ್ನು ಕರೆದು, ಮರಾಠಿ ಗಣಿತದಲ್ಲಿ ಅಪವರ್ತನಕ್ಕೆ ಅವಯವ ಎಂದೇ ಹೇಳುತ್ತಾರೆ ಎಂದು ತಿಳಿಸಿದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಆದರೂ ಕನ್ನಡ ಸರಿಯಾಗಿ ಓದಲು ಬಾರದ ಹುಡುಗಿ ಎಂಟನೆಯ ತರಗತಿಯಲ್ಲಿ ಹೇಗೆ ನಿಭಾಯಿಸುತ್ತಾಳೆ, ಏಳಕ್ಕೆ ಇಳಿಸುವುದು ವಾಸಿ ಎಂಬುದು ಅವರ ವಿಚಾರವಾಗಿತ್ತು. ಅರ್ಧವಾರ್ಷಿಕ ಪರೀಕ್ಷೆಯವರೆಗೆ ಸಮಯ ಕೊಡಿ ಎಂದು ಕೇಳಿಕೊಂಡೆ. ಅದು ಉದಾರತನವಲ್ಲ, ಆ ಕೆಂಪು ಶಾಯಿಯನ್ನು ಅಳಿಸಬೇಕಿತ್ತು, ಅಷ್ಟೆ.

ಅಂದು ಸಂಜೆ ಶಾಲೆ ಬಿಟ್ಟ ಮೇಲೆ ರಾಜಮತಿಯನ್ನು ಬೋರ್ಡಿನ ಹತ್ತಿರ ನಿಲ್ಲಿಸಿ, ಪುಸ್ತಕದ ಲೆಕ್ಕವನ್ನೇ ಮನೆ ಮಾತಿನಲ್ಲಿ ಹೇಳಿದೆ. ಒಂದು ಅಂಗಿಗೆ ಒಂದೂಕಾಲು ಮೀಟರ್ ಅರಿವೆ ಬೇಕು, ಹದಿನಾರು ಅಂಗಿಗೆ ಎಷ್ಟು? ನಾನು ಮಾತು ಮುಗಿಸುವ ಮೊದಲೇ ಇಪ್ಪತ್ತು ಎಂದಳು. ಅಜ್ಜ ಅವಳಿಗೆ ಹಳೆಯ ಕಾಲದ ಮಗ್ಗಿಗಳನ್ನೆಲ್ಲ ಬಾಯಿಪಾಠ ಮಾಡಿಸಿದ್ದನಂತೆ. ಒಂದೂಕಾಲರ ಮಗ್ಗಿಗೆ ಸವಾಕಿ ಎಂದು ಹೆಸರು, ಒಂದೂವರೆಯದಕ್ಕೆ ದೀಡಕಿ. ಅವು ನನಗೇ ಬರುತ್ತಿರಲಿಲ್ಲ. ಹುಡುಗಿಗೆ ಗಣಿತ ಚೆನ್ನಾಗಿ ಬರುತ್ತದೆ, ಪ್ರಶ್ನೆ ಓದಲು ಮಾತ್ರ ಬರುವುದಿಲ್ಲ ಎಂಬುದು ಖಚಿತವಾಯಿತು.

ಅಲ್ಲಿಂದ ನಮ್ಮಿಬ್ಬರ ಕೆಲಸ ಶುರುವಾಯಿತು. ಅವಳು ಮರಾಠಿ ಶಬ್ದ ಹೇಳುವಳು, ನಾನು ಅದರ ಎದುರು ಕನ್ನಡದ್ದು ಬರೆಸುವೆ. ಅಪೂರ್ಣಾಂಕ ಎಂದರೆ ಭಿನ್ನರಾಶಿ, ವ್ಯಾಜ ಎಂದರೆ ಬಡ್ಡಿ. ಛೇದ, ಅಂಶ, ತ್ರಿಜ್ಯ ಎರಡೂ ಕಡೆ ಒಂದೇ ಎಂದು ತಿಳಿದಾಗ ಅವಳಿಗಾದ ಸಮಾಧಾನ ನನಗೂ ಆಯಿತು. ಅರ್ಧವಾರ್ಷಿಕದಲ್ಲಿ ಅವಳು ಪಾಸಾದಳು, ವಾರ್ಷಿಕದಲ್ಲಿ ಗಣಿತಕ್ಕೆ ನೂರಕ್ಕೆ ಎಂಬತ್ತನಾಲ್ಕು ಬಂತು. ಏಳಕ್ಕೆ ಇಳಿಸುವ ಮಾತನ್ನು ಮಗದುಮ್ ಸರ್ ಮತ್ತೆ ಎತ್ತಲಿಲ್ಲ.

ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ಆಗ ಒಂದು ಸ್ಕಾಲರ್‌ಶಿಪ್ ಪರೀಕ್ಷೆ ಇತ್ತು. ಒಬ್ಬ ವಿದ್ಯಾರ್ಥಿಗೆ ಒಂದೇ ಅವಕಾಶ, ಹತ್ತಕ್ಕೆ ಹೋದ ಮೇಲೆ ಬರೆಯುವಂತಿಲ್ಲ. ಎರಡು ಪತ್ರಿಕೆ. ಮೊದಲನೆಯದು ಬೌದ್ಧಿಕ ಸಾಮರ್ಥ್ಯ, ಅಂದರೆ ಅಂಕಿಗಳ ಸರಣಿ, ಆಕೃತಿಗಳ ಹೋಲಿಕೆ, ಸಂಕೇತ ಬಿಡಿಸುವುದು ಇತ್ಯಾದಿ. ಎರಡನೆಯದು ಗಣಿತ, ವಿಜ್ಞಾನ, ಸಮಾಜ ಸೇರಿದ ಶಾಲಾ ವಿಷಯಗಳು. ಎಲ್ಲವೂ ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು. ಪಾಸಾದರೆ ಹತ್ತನೆಯಿಂದ ಪಿಯುಸಿ ಮುಗಿಯುವವರೆಗೆ ಹಾಸ್ಟೆಲ್ಲಿನ ಮತ್ತು ಓದಿನ ಖರ್ಚು ಸಿಗುತ್ತಿತ್ತು. ವಿಜ್ಞಾನ ಓದಬೇಕಾದರೆ ರಾಜಮತಿ ಅಥಣಿಯ ಹಾಸ್ಟೆಲ್ಲಿನಲ್ಲಿ ಇರಬೇಕು. ಅವಳ ಹಿಂದೆ ಮೂವರು ತಮ್ಮ ತಂಗಿಯರು. ಭೂಪಾಲಣ್ಣ ನನಗೆ ನೇರವಾಗಿಯೇ ಹೇಳಿದ್ದರು, ಸ್ಕಾಲರ್‌ಶಿಪ್ ಬಂದರೆ ತಾವು ಬೇಡ ಎನ್ನುವುದಿಲ್ಲ, ಬಾರದಿದ್ದರೆ ಹತ್ತನೆಯದು ಸಾಕು ಎಂದು.

ನಮ್ಮ ಶಾಲೆಯಿಂದ ಆರು ಮಕ್ಕಳ ಅರ್ಜಿ ಹಾಕಿದೆವು. ಜುಲೈಯಿಂದ ಡಿಸೆಂಬರ್‌ವರೆಗೆ ದಿನಾ ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ ಪಾಠ. ಆಕೃತಿಗಳ ಪ್ರಶ್ನೆಗಳಿಗೆ ಪುಸ್ತಕ ಸಿಗುತ್ತಿರಲಿಲ್ಲ, ನಾನೇ ರಟ್ಟಿನಲ್ಲಿ ಕತ್ತರಿಸಿ ತಿರುಗಿಸಿ ತೋರಿಸುತ್ತಿದ್ದೆ. ರಾಜಮತಿ ಈ ಹೊತ್ತಿಗೆ ಕನ್ನಡವನ್ನು ಸಲೀಸಾಗಿ ಓದುತ್ತಿದ್ದಳು. ಆರು ಜನರಲ್ಲಿ ಯಾರಾದರೂ ಒಬ್ಬರಿಗೆ ಬರುವುದಾದರೆ ಅದು ಅವಳಿಗೇ ಎಂದು ಮಕ್ಕಳಿಗೂ ಗೊತ್ತಿತ್ತು.

1990ರ ಜನವರಿಯ ಮೂರನೆಯ ರವಿವಾರ ಪರೀಕ್ಷೆ. ಅದಕ್ಕೆ ಹತ್ತು ದಿನ ಮುಂಚೆ, ಗುರುವಾರ, ಹಾಲ್ ಟಿಕೆಟ್ಟುಗಳ ಲಕೋಟೆ ಬಂತು. ಐದರ ಮೇಲೆ ಪರೀಕ್ಷಾ ಕೇಂದ್ರ ಅಥಣಿ ಎಂದಿತ್ತು. ಆರನೆಯದರ ಮೇಲೆ ನಿಪ್ಪಾಣಿ. ಹೆಸರು ನೋಡಿದೆ, ರಾಜಮತಿ. ಅದರ ಕೆಳಗೆ ಮಾಧ್ಯಮ ಎಂದಿದ್ದ ಕಡೆ ಮರಾಠಿ.

ಎಲ್ಲಿ ತಪ್ಪಾಯಿತೆಂದು ನನಗೆ ತಕ್ಷಣ ಹೊಳೆಯಿತು. ಆರೂ ಅರ್ಜಿಗಳನ್ನು ತುಂಬಿದವಳು ನಾನೇ. ರಾಜಮತಿಯ ಹುಟ್ಟಿದ ದಿನಾಂಕ ಸರಿಯಾಗಿ ಬರಲಿ ಎಂದು ಹಳೆಯ ಶಾಲೆಯ ಎಲ್.ಸಿ.ಯನ್ನು, ಅಂದರೆ ಶಾಲೆ ಬಿಟ್ಟ ದಾಖಲೆಯನ್ನು, ಎದುರಿಗಿಟ್ಟುಕೊಂಡಿದ್ದೆ. ಅದರಲ್ಲಿದ್ದದ್ದನ್ನು ಸಾಲಾಗಿ ಇಳಿಸುತ್ತ ಹೋಗಿ ಮಾಧ್ಯಮವನ್ನೂ ಇಳಿಸಿಬಿಟ್ಟಿದ್ದೆ. ಮರಾಠಿ ಮಾಧ್ಯಮದವರಿಗೆ ಕೇಂದ್ರ ನಿಪ್ಪಾಣಿ. ಹೆಡ್‌ಮಾಸ್ತರರು ನನ್ನ ಮೇಲೆ ನಂಬಿಕೆಯಿಟ್ಟು ಸಹಿ ಹಾಕಿದ್ದರು.

ಓದುಗರಿಗೆ ಇಲ್ಲೊಂದು ಸಂಶಯ ಬರಬಹುದು. ಮರಾಠಿ ಬಲ್ಲ ಹುಡುಗಿಗೆ ಮರಾಠಿ ಪತ್ರಿಕೆ ಸಿಕ್ಕರೆ ಅನುಕೂಲವೇ ಅಲ್ಲವೇ? ಏಳನೆಯವರೆಗಿನ ಪಾಠವಾದರೆ ಅನುಕೂಲ. ಆದರೆ ಪ್ರಶ್ನೆಗಳು ಬರುತ್ತಿದ್ದದ್ದು ಎಂಟು ಮತ್ತು ಒಂಬತ್ತನೆಯ ಪಾಠಗಳಿಂದ. ಆ ವಿಜ್ಞಾನವನ್ನು ಅವಳು ಕಲಿತದ್ದು ಕನ್ನಡದಲ್ಲಿ ಮಾತ್ರ. ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ, ಜೀವಕೋಶ, ಇವಕ್ಕೆ ಮರಾಠಿಯಲ್ಲಿ ಏನೆನ್ನುತ್ತಾರೆಂದು ಅವಳಿಗೂ ಗೊತ್ತಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ. ನಾವು ಎರಡು ಭಾಷೆಯಲ್ಲಿ ಬರೆದುಕೊಂಡಿದ್ದು ಹಳೆಯ ಗಣಿತವಷ್ಟೇ.

ಆಗ ನಾನು ಮಾಡಿದ ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಐದು ಹಾಲ್ ಟಿಕೆಟ್ ಹಂಚಿ, ಆರನೆಯದನ್ನು ಪುಸ್ತಕದೊಳಗಿಟ್ಟು, ರಾಜಮತಿಯದು ಇನ್ನೂ ಬರಬೇಕು ಎಂದು ಹೇಳಿದೆ. ಕಚೇರಿಗೆ ಹೋಗಿ ಸದ್ದಿಲ್ಲದೆ ತಿದ್ದಿಸಿಕೊಂಡು ಬಂದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಆಸೆ. ಶುಕ್ರವಾರ ಅವಳು ಎರಡು ಸಲ ಬಂದು ಕೇಳಿದಳು, ಎರಡು ಸಲವೂ ಅದೇ ಸುಳ್ಳು ಹೇಳಿದೆ.

ಶನಿವಾರ ರಜೆ ಹಾಕಿ ಅಥಣಿಗೆ ಹೋದೆ. ಕಚೇರಿಯ ಅಧಿಕಾರಿ ಕಡತ ತೆಗೆಸಿ, ನನ್ನದೇ ಅಕ್ಷರದಲ್ಲಿದ್ದ ‘ಮರಾಠಿ’ ಎಂಬ ಶಬ್ದವನ್ನು ತೋರಿಸಿದರು. ಬೈಯಲಿಲ್ಲ. ಪ್ರಶ್ನೆಪತ್ರಿಕೆಗಳನ್ನು ಮಾಧ್ಯಮದ ಪ್ರಕಾರ ಎಣಿಸಿ ಆಯಾ ಕೇಂದ್ರದ ಹೆಸರಿನಲ್ಲಿ ಮೊಹರು ಮಾಡಿ ಆಗಿದೆ, ಬದಲಾಯಿಸಲು ಬೆಂಗಳೂರಿಗೆ ಬರೆಯಬೇಕು, ಆ ಉತ್ತರ ಎಂಟು ದಿನದಲ್ಲಿ ಬರುವುದಿಲ್ಲ ಎಂದು ತಿಳಿಸಿ ಹೇಳಿದರು. ನಾನು ಎದ್ದು ಹೊರಡುವಾಗ ಮಾತ್ರ, ಆ ಕಡೆ ಶಿಕ್ಷಕಿಯರನ್ನು ಕರೆಯುವಂತೆ ಬಾಯಾರ ಎಂದು ಕರೆದು, ಒಂದು ಮಾತು ಅಂದರು.

“ಬಾಯಾರ, ಇಲ್ಲಿ ಓಡ್ಯಾಡಿ ದಿನಾ ಕಳೀಬ್ಯಾಡ್ರಿ. ಆ ಹುಡುಗೀಗೆ ಹೇಳ್ರಿ ಮೊದಲ.”

ರವಿವಾರ ಬೆಳಿಗ್ಗೆ ಜುಗೂಳಕ್ಕೆ ಹೋದೆ. ಭೂಪಾಲಣ್ಣ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ರಾಜಮತಿ ಒಳಗಿನಿಂದ ನೀರು ತಂದಳು. ಕುಡಿಯದೆ ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ: ಅರ್ಜಿ, ಎಲ್.ಸಿ., ಪುಸ್ತಕದೊಳಗಿಟ್ಟ ಹಾಲ್ ಟಿಕೆಟ್, ಮೂರು ಸಲ ಹೇಳಿದ ಸುಳ್ಳು. ಭೂಪಾಲಣ್ಣನ ಕೈಯ ಹಗ್ಗ ನಿಂತಿತು. ರಾಜಮತಿ ಹಾಲ್ ಟಿಕೆಟ್ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಒಂದೇ ಮಾತು.

“ಲೆಕ್ಕಾ ಅವ ಇರತಾವಲ್ರಿ ಬಾಯಾರ?”

ಹೌದು ಎಂದೆ. ಲೆಕ್ಕ ಬದಲಾಗುವುದಿಲ್ಲ, ವಿಜ್ಞಾನವೂ ಅದೇ, ಹೆಸರುಗಳು ಮಾತ್ರ ಬೇರೆ.

“ಹಂಗಾದ್ರ ಹೆಸರ ಕಲಿತೀನ್ರಿ,” ಎಂದಳು.

ಭೂಪಾಲಣ್ಣ ಹಗ್ಗವನ್ನು ಪಕ್ಕಕ್ಕಿಟ್ಟು, “ನೀವು ಬರದದ್ದೇನ ಸುಳ್ಳಲ್ರಿ, ಏಳ ವರ್ಷ ಅಕಿ ಕಲ್ತದ್ದ ಮರಾಠ್ಯಾಗ,” ಎಂದರು. ನನಗೆ ಉಸಿರು ಬಂದಂತಾಯಿತು. ಆದರೆ ಅವರ ಮಾತು ಮುಗಿದಿರಲಿಲ್ಲ. “ಖರೇ, ಗುರುವಾರನ ಹೇಳಬೇಕಿತ್ರಿ. ಮೂರು ದಿನಾ ಹ್ವಾದೂವಲ್ಲ.”

ತಪ್ಪಾಯಿತು ಎಂದು ಹೇಳಿ, ಕೈಯಲ್ಲಿದ್ದ ನೀರು ಕುಡಿದು ಎದ್ದೆ.

ಸೋಮವಾರ ಶಾಲೆ ಆರಂಭವಾಗುವ ಮೊದಲೇ ಮಗದುಮ್ ಸರ್ ಮುಂದೆ ನಿಂತೆ. ಅವರು ಹಣೆ ಒತ್ತಿಕೊಂಡು ಎಲ್ಲ ಕೇಳಿಸಿಕೊಂಡರು. ಆಮೇಲೆ ಒಂದು ಹಾಳೆ ತೆಗೆದು ಪತ್ರ ಬರೆಯತೊಡಗಿದರು. ಶಿಕ್ಷಕರ ತರಬೇತಿಯಲ್ಲಿ ಅವರ ಜತೆಗಿದ್ದ ಮುಲ್ಲಾ ಸರ್ ನಿಪ್ಪಾಣಿಯಲ್ಲಿ ಮರಾಠಿ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದರು, ಕನ್ನಡವನ್ನೂ ಚೆನ್ನಾಗಿ ಬಲ್ಲವರು. ಪತ್ರ ಮಡಚಿ ಕೊಡುತ್ತ, ಪರೀಕ್ಷೆಯ ದಿನ ಐದು ಮಕ್ಕಳನ್ನು ತಾವೇ ಅಥಣಿಗೆ ಕರೆದೊಯ್ಯುವುದಾಗಿಯೂ ನಾನು ನಿಪ್ಪಾಣಿಯಲ್ಲಿರಬೇಕೆಂದೂ ಹೇಳಿದರು.

ಮಂಗಳವಾರ ನಾನು, ರಾಜಮತಿ, ಭೂಪಾಲಣ್ಣ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ನಿಪ್ಪಾಣಿ ಮುಟ್ಟಿದಾಗ ಮಧ್ಯಾಹ್ನ. ಪೇಟೆಯ ತುಂಬ ತಂಬಾಕಿನ ಘಾಟು. ಮುಲ್ಲಾ ಸರ್ ಐವತ್ತು ದಾಟಿದವರು, ತೆಳ್ಳಗಿನ ಮನುಷ್ಯ. ಪತ್ರ ಓದಿ ಕಿಸೆಯಲ್ಲಿಟ್ಟುಕೊಂಡು ರಾಜಮತಿಯನ್ನು ಕೂರಿಸಿ ಹತ್ತು ಪ್ರಶ್ನೆ ಕನ್ನಡದಲ್ಲಿ ಕೇಳಿದರು. ಒಂಬತ್ತಕ್ಕೆ ಸರಿ ಉತ್ತರ ಬಂತು. ಅದೇ ಹತ್ತು ಪ್ರಶ್ನೆಗಳನ್ನು ಮರಾಠಿಯಲ್ಲಿ ಕೇಳಿದರು. ಮೂರಕ್ಕೆ ಮಾತ್ರ ಬಾಯಿ ಬಂತು.

“ತಲಿಯೊಳಗ ಎಲ್ಲಾ ಐತಿ. ಬರೇ ಬಾಗಲಾ ತಗೀಬೇಕು,” ಎಂದು ಭೂಪಾಲಣ್ಣನ ಕಡೆ ತಿರುಗಿ, ಪರೀಕ್ಷೆ ಹೇಗೂ ಈ ಊರಲ್ಲೇ ಇದೆ, ರವಿವಾರದವರೆಗೆ ಹುಡುಗಿಯನ್ನು ಇಲ್ಲೇ ಬಿಟ್ಟುಹೋಗಿ ಎಂದರು.

ಭೂಪಾಲಣ್ಣ ಕೂಡಲೇ ಒಪ್ಪಲಿಲ್ಲ. ಅವರದು ಕಟ್ಟುನಿಟ್ಟಿನ ಜೈನ ಮನೆತನ. ಹೊತ್ತು ಮುಳುಗುವ ಮೊದಲೇ ಊಟ, ಉಳ್ಳಾಗಡ್ಡಿ ಬಟಾಟೆ ಮುಟ್ಟುವುದಿಲ್ಲ. ಅವರು ಬಾಯಿಬಿಟ್ಟು ಹೇಳುವ ಮೊದಲೇ ಮುಲ್ಲಾ ಸರ್ ಅವರ ಹೆಂಡತಿ ಬಾಗಿಲ ಬಳಿಯಿಂದ ಮಾತಾಡಿದರು. ಹಿಂದಿನ ಓಣಿಯಲ್ಲಿ ತಮಗೆ ಬಹಳ ವರ್ಷದ ಬಳಕೆಯ ಜೈನ ಮನೆಯಿದೆ, ಅಲ್ಲಿ ಹೆಣ್ಣುಮಕ್ಕಳಿದ್ದಾರೆ, ಊಟ ಮತ್ತು ಮಲಗುವುದು ಅಲ್ಲಿ, ಓದು ಇಲ್ಲಿ ಎಂದರು. ಹೇಳಿದವರೇ ನಮ್ಮನ್ನು ಆ ಮನೆಗೆ ಕರೆದುಕೊಂಡು ಹೋದರು. ಭೂಪಾಲಣ್ಣ ಆ ಮನೆಯ ಹಿರಿಯರೊಂದಿಗೆ ಅರ್ಧ ತಾಸು ಮಾತಾಡಿದರು. ಯಾವುದೋ ದೂರದ ಬೀಗತನವೂ ಹೊರಬಂತು. ಸಂಜೆಯ ಬಸ್ಸಿಗೆ ನಾವಿಬ್ಬರೇ ಮರಳಿದೆವು.

ಆ ಐದು ದಿನ ಮುಲ್ಲಾ ಸರ್ ಹೇಗೆ ಕಲಿಸಿದರೆಂದು ಆಮೇಲೆ ರಾಜಮತಿಯೇ ಹೇಳಿದಳು. ಅವರು ಹೊಸದಾಗಿ ಪಾಠ ಮಾಡಲಿಲ್ಲ. ಅವಳ ಕನ್ನಡ ಪುಸ್ತಕದ ಒಂದೊಂದು ಚಿತ್ರವನ್ನು ತೋರಿಸಿ ವಿವರಿಸಲು ಹೇಳುತ್ತಿದ್ದರು. ಅವಳು ಕನ್ನಡದಲ್ಲಿ ವಿವರಿಸಿದ ಮೇಲೆ ಅದನ್ನೇ ಮರಾಠಿಯಲ್ಲಿ ಹೇಳಿಸುತ್ತಿದ್ದರು. ಎಲ್ಲಿ ತಡವರಿಸುತ್ತಾಳೋ ಅಲ್ಲಿ ಶಬ್ದ ಕೊಡುತ್ತಿದ್ದರು. ಆಮ್ಲಜನಕ ಪ್ರಾಣವಾಯುವಾಯಿತು, ಸಾರಜನಕ ನತ್ರವಾಯುವಾಯಿತು, ವೇಗೋತ್ಕರ್ಷ ತ್ವರಣವಾಯಿತು. ಜೀವಕೋಶಕ್ಕೆ ಮರಾಠಿಯಲ್ಲಿ ಪೇಶಿ ಎನ್ನುತ್ತಾರೆ. ಕನ್ನಡದಲ್ಲಿ ಪೇಶಿ ಎಂದರೆ ಮಾಂಸಖಂಡ ಎಂದೇ ಅವಳು ಓದಿದ್ದಳು. ಎರಡು ದಿನ ಅದೊಂದರಲ್ಲಿ ಎಡವಿದಳಂತೆ.

ನಾನು ಶನಿವಾರ ಸಂಜೆಯೇ ನಿಪ್ಪಾಣಿಗೆ ಬಂದೆ. ರವಿವಾರ ಬೆಳಿಗ್ಗೆ ಭೂಪಾಲಣ್ಣನೂ ಬಂದರು. ಮೊದಲ ಪತ್ರಿಕೆ ಮುಗಿಸಿ ರಾಜಮತಿ ಹೊರಬಂದಾಗ ಮುಖ ಬಿಳಿಚಿಕೊಂಡಿತ್ತು. ಹನ್ನೊಂದು ಪ್ರಶ್ನೆ ಬಿಟ್ಟಿದ್ದಳು. ಉತ್ತರ ಗೊತ್ತಿಲ್ಲದೆ ಅಲ್ಲ, ಸುಮಾರು ಎರಡು ವರ್ಷ ದೂರವಿದ್ದ ಮರಾಠಿಯನ್ನು ಓದುವುದು ನಿಧಾನವಾಗಿ ಹೊತ್ತು ಸಾಲದೆ. ಐದು ದಿನವೂ ನಾವು ಶಬ್ದಗಳ ಚಿಂತೆ ಮಾಡಿದ್ದೆವು, ಓದುವ ವೇಗದ ಚಿಂತೆ ಯಾರೂ ಮಾಡಿರಲಿಲ್ಲ. ಮೂರು ದಿನ ಹ್ವಾದೂವಲ್ಲ ಎಂಬ ಮಾತು ನನ್ನ ಕಿವಿಯಲ್ಲಿ ಕೇಳಿಸಿತು. ಆ ಮೂರು ದಿನ ಸಿಕ್ಕಿದ್ದರೆ ಅವಳ ಓದು ಚುರುಕಾಗುತ್ತಿತ್ತು.

ಭೂಪಾಲಣ್ಣ ಗಂಟು ಬಿಚ್ಚಿ ರೊಟ್ಟಿ, ಹೆಸರುಕಾಳಿನ ಪಲ್ಯ ಮುಂದಿಟ್ಟರು. ಅವಳು ಮುಟ್ಟಲಿಲ್ಲ. “ಬಿಟ್ಟಿದ್ದ ಬಿಟ್ಟಿ. ಅದನ್ನ ಹೊತಗೊಂಡ ಒಳಗ ಹೋಗಬ್ಯಾಡ,” ಎಂದು ಒಂದು ತುತ್ತು ಮುರಿದು ಅವಳ ಕೈಗೆ ಕೊಟ್ಟರು. ಮುಲ್ಲಾ ಸರ್ ಒಂದು ಉಪಾಯ ಹೇಳಿದರು: ಮೊದಲು ಲೆಕ್ಕ ಮಾಡು, ಅಲ್ಲಿ ಅಂಕಿಗಳೇ ಹೆಚ್ಚು, ಓದುವುದು ಕಡಿಮೆ. ಅಲ್ಲಿ ಉಳಿಸಿದ ಹೊತ್ತನ್ನು ವಿಜ್ಞಾನಕ್ಕೆ ಕೊಡು.

ಮಧ್ಯಾಹ್ನದ ಪತ್ರಿಕೆ ಮುಗಿದು ಗಂಟೆ ಬಾರಿಸಿದಾಗ ನಾನು ಗೇಟಿನ ಸರಳು ಹಿಡಿದು ನಿಂತಿದ್ದೆ. ಮಕ್ಕಳ ಗುಂಪಿನಲ್ಲಿ ಅವಳು ಎಲ್ಲರಿಗಿಂತ ಕೊನೆಗೆ ಬಂದಳು. ನನ್ನನ್ನು ದಾಟಿ ನೇರವಾಗಿ ಮುಲ್ಲಾ ಸರ್ ಹತ್ತಿರ ಹೋಗಿ, “ಪೇಶಿ ಬಂದಿತ್ರಿ ಸರ್,” ಎಂದಳು. ಅವಳು ನಗುವುದನ್ನು ಆ ಹತ್ತು ದಿನದಲ್ಲಿ ನಾನು ನೋಡಿದ್ದು ಅದೇ ಮೊದಲು. ಲೆಕ್ಕಗಳನ್ನು ಮೊದಲೇ ಮುಗಿಸಿದ್ದಳು. ಒಂದೂ ಬಿಟ್ಟಿರಲಿಲ್ಲ.

ಆದರೂ ಬೆಳಿಗ್ಗೆ ಬಿಟ್ಟ ಹನ್ನೊಂದು ಪ್ರಶ್ನೆಗಳು ನನ್ನನ್ನು ಬಿಡಲಿಲ್ಲ. ಫೆಬ್ರವರಿ, ಮಾರ್ಚ್, ಪರೀಕ್ಷೆ, ಬೇಸಿಗೆ ರಜೆ, ಎಲ್ಲವೂ ಆ ಎಣಿಕೆಯಲ್ಲೇ ಕಳೆದವು. ಜೂನ್‌ನಲ್ಲಿ ಶಾಲೆ ಆರಂಭವಾದ ಎರಡನೆಯ ವಾರ ಮಗದುಮ್ ಸರ್ ಕರೆದರು. ಮೇಜಿನ ಮೇಲೆ ಒಂದು ಪಟ್ಟಿ ಇತ್ತು, ಅದರಲ್ಲಿ ಹೆಸರುಗಳಿರಲಿಲ್ಲ, ನೋಂದಣಿ ಸಂಖ್ಯೆಗಳು ಮಾತ್ರ. ನನ್ನ ಕೈಲಿ ನೋಡಲಾಗದು, ನೀವೇ ನೋಡಿ ಎಂದೆ. ಅವರು ಬೆರಳಿಟ್ಟು ಇಳಿಯುತ್ತ ಬಂದು ಒಂದು ಕಡೆ ನಿಂತರು. ಅಥಣಿಯಲ್ಲಿ ಬರೆದ ಐವರಲ್ಲಿ ಒಬ್ಬಳ ಸಂಖ್ಯೆ. ಮತ್ತೆ ಇಳಿದರು. ಮುಂದಿನ ಪುಟದಲ್ಲಿ, ನಿಪ್ಪಾಣಿ ಕೇಂದ್ರದ ಕೆಳಗೆ, ಇನ್ನೊಮ್ಮೆ ಬೆರಳು ನಿಂತಿತು. ಆ ಸಂಖ್ಯೆಯನ್ನು ಅವರು ಒಂದೊಂದೇ ಅಂಕಿಯಾಗಿ ಎರಡು ಸಲ ಓದಿದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ಐದು ತಿಂಗಳಿನಿಂದ ಎದೆಯ ಮೇಲಿದ್ದ ಭಾರ ಇಳಿದಾಗ ಸಂತೋಷಕ್ಕಿಂತ ಮೊದಲು ಬಂದದ್ದು ಆಯಾಸ. ಸರ್ ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದರು.

ರಾಜಮತಿಗೆ ತರಗತಿಯಲ್ಲೇ ಹೇಳಿದೆ. ಹೌದ್ರಿ ಎಂದು ಕೇಳಿ, ತಲೆ ತಗ್ಗಿಸಿ, ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು. ಸಂಜೆ ಅದೇ ಬಸ್ಸಿಗೆ ನಾನೂ ಜುಗೂಳಕ್ಕೆ ಹೋದೆ. ಭೂಪಾಲಣ್ಣ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಸುದ್ದಿ ಕೇಳಿ ಮುಖ ಒರೆಸಿಕೊಂಡವರು ಒಂದಷ್ಟು ಹೊತ್ತು ಟವೆಲನ್ನು ಮುಖದಿಂದ ತೆಗೆಯಲೇ ಇಲ್ಲ. ತೆಗೆದಾಗ ದನಿ ಎಂದಿನಂತೆಯೇ ಇತ್ತು.

“ಮುಲ್ಲಾ ಸರಗ ಒಂದ ಕಾರ್ಡ್ ಹಾಕ್ರಿ ಬಾಯಾರ. ಇವತ್ತ ಹಾಕ್ರಿ.”

ರಾಜಮತಿ ಅಥಣಿಯಲ್ಲಿ ವಿಜ್ಞಾನ ಓದಿದಳು, ಮುಂದೆ ಪ್ರಯೋಗಾಲಯದ ತರಬೇತಿ ಪಡೆದಳು. ಈಗ ರಾಯಬಾಗದಲ್ಲಿ ಗಂಡನ ಜತೆ ರಕ್ತ ತಪಾಸಣೆಯ ಲ್ಯಾಬ್ ನಡೆಸುತ್ತಾಳೆ.

ನಾನು ಇನ್ನೂ ಇಪ್ಪತ್ತೇಳು ವರ್ಷ ಮಾಸ್ತರಿಕೆ ಮಾಡಿದೆ. ಶಿಕ್ಷಕರು ತಪ್ಪು ಮಾಡದೆ ಇರುವುದಿಲ್ಲ. ಆದರೆ ನಮ್ಮ ತಪ್ಪು ಮಗುವಿನ ಬದುಕಿಗೆ ತಗಲುವಂಥದ್ದಾದರೆ ಅದನ್ನು ಮೊದಲು ತಿಳಿಯಬೇಕಾದದ್ದು ಆ ಮಗು. ನಮ್ಮ ಮರ್ಯಾದೆ ಉಳಿಸಿಕೊಳ್ಳಲು ನಾವು ಕಳೆಯುವ ದಿನಗಳು ಅದರ ದಿನಗಳು. ಇದನ್ನು ಕಲಿಸಿದ್ದು ಆ ಜನವರಿಯ ಗುರುವಾರ, ಶುಕ್ರವಾರ, ಶನಿವಾರ. ಆಮೇಲೆ ಯಾವ ಅರ್ಜಿ ತುಂಬಿದರೂ ಸಹಿಗೆ ಕಳಿಸುವ ಮೊದಲು ಅದನ್ನು ಮಗುವಿನ ಕೈಗೆ ಕೊಟ್ಟು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸುವ ರೂಢಿ ಮಾಡಿಕೊಂಡೆ. ಹೊಸ ಶಿಕ್ಷಕರು ಇದಕ್ಕೆ ನಗುತ್ತಿದ್ದರು, ಹೊತ್ತು ಹಾಳು ಎನ್ನುತ್ತಿದ್ದರು.

ನಿವೃತ್ತಿಯ ವರ್ಷ ಕಬ್ಬೂರ ಕಡೆಯ ಒಂದು ಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅರ್ಜಿ ಓದುತ್ತ ನಡುವೆ ನಿಂತಳು. ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ಹೇಳವ್ವ ಎಂದೆ.

“ಹುಟ್ಟಿದ ತಾರೀಕು ನಂದಲ್ರಿ ಬಾಯಾರ, ನಮ್ಮ ಅಕ್ಕಂದು.”

ಪೆನ್ನಿನ ಕ್ಯಾಪು ತೆಗೆದು ತಿದ್ದಿದೆ. ಮುಂದೆ ಓದು ಎಂದೆ.